ಒಂದು ರೂಮಿಗೆ ತಾತನ ಮರಣ ಪತ್ರ

ಹೋದ ವರ್ಷ ಸಂಕ್ರಾಂತಿ ಮುಗಿದ ವಾರ ನಮ್ಮ ನಾಲ್ವರಲ್ಲಿ ಒಬ್ಬನ ಅಣ್ಣನಿಗೆ ಹೆಣ್ಣು ಗೊತ್ತಾಯಿತು. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಎರಡು ಅಂಕಣದ ಕಲ್ಲು ಚಪ್ಪಡಿ ಮನೆ. ಅದರೊಳಗೆ ಅವ್ವ, ಅಪ್ಪ, ಅಮ್ಮ, ಅಣ್ಣ ತಮ್ಮಂದಿರು. ಮಾವಿನ ಕಾಲ ಬಂದರೆ ಒಂದು ಮೂಲೆ ತುಂಬ ಕ್ರೇಟುಗಳು. ಹೆಣ್ಣಿನ ಕಡೆಯವರು ಮನೆ ನೋಡಲು ಬಂದಾಗ ಹುಡುಗಿಯ ಸೋದರತ್ತೆ ಕಾಫಿ ಲೋಟ ಕೆಳಗಿಡುತ್ತಾ ಕೇಳಿದ್ದು ಒಂದೇ ಮಾತು: “ಮದುವೆ ಆದ್ಮೇಲೆ ಇವರಿಬ್ರೂ ಎಲ್ ಮಲಗ್ತಾರಮ್ಮ?”

ಅಮ್ಮ ತಲೆ ತಗ್ಗಿಸಿದರು. ಅಪ್ಪ ಹಿತ್ತಲ ಕಡೆ ಕೈ ತೋರಿಸಿ, “ಅಲ್ಲೊಂದು ರೂಮು ಹಾಕಿಸ್ತೀವಿ, ಬಾತ್‌ರೂಮು ಸಮೇತ” ಎಂದುಬಿಟ್ಟರು. ಹತ್ತಡಿ ಹನ್ನೆರಡಡಿ. ಮದುವೆ ವೈಶಾಖದಲ್ಲಿ.

ಊರಲ್ಲಿ ರೂಮು ಹಾಕಿಸುವ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಮೇಸ್ತ್ರಿಯನ್ನು ಕರೆಸು, ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಸು, ಪೂಜೆ ಮಾಡಿ ಪಾಯ ತೋಡಿಸು. ಪಂಚಾಯಿತಿಯವರು ಕೇಳಿದರೆ ಆಮೇಲೆ ನೋಡಿಕೊಂಡರಾಯಿತು. ಆದರೆ ನಾವು ನಾಲ್ವರೂ ಪತ್ರಿಕೋದ್ಯಮ ಓದಿದವರು. ಓದುವಾಗಲೇ ಅನಧಿಕೃತ ಕಟ್ಟಡಗಳ ಬಗ್ಗೆ ಒಂದೆರಡು ವರದಿ ಬರೆದು ಮೇಷ್ಟ್ರ ಕೈಲಿ ಶಹಬ್ಬಾಸ್ ಅನ್ನಿಸಿಕೊಂಡವರು. ಈಗ ನಮ್ಮವರ ಮನೆಯಲ್ಲೇ ಹಾಗೆ ಮಾಡುವುದು ಸರಿಯಲ್ಲ, ಕಾನೂನು ಪ್ರಕಾರವೇ ಮಾಡೋಣ, ಎಷ್ಟು ದಿನ ಹಿಡಿಯುತ್ತೋ ನೋಡೋಣ ಅಂದುಕೊಂಡೆವು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಮ್ಮ ನಾಲ್ಕು ತಾಲ್ಲೂಕುಗಳಲ್ಲೂ ಇದೇ ಗೋಳು ಇರುವುದರಿಂದ ನಾಲ್ವರೂ ಕೂತು ಇದನ್ನು ಬರೆಯುತ್ತಿದ್ದೇವೆ.

ಮೊದಲು ಕಾನೂನು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಯಾರೂ ಕಟ್ಟಡ ಕಟ್ಟುವಂತಿಲ್ಲ. ಅಷ್ಟೇ ಅಲ್ಲ, ಇರುವ ಕಟ್ಟಡವನ್ನು ಮಾರ್ಪಡಿಸುವಂತೆಯೂ ಇಲ್ಲ, ಅದಕ್ಕೆ ಏನನ್ನೂ ಸೇರಿಸುವಂತೆಯೂ ಇಲ್ಲ. ಹೊಸ ಮನೆಗೆ ಲೈಸೆನ್ಸ್ ಬೇಕು ಅಂತ ನಮ್ಮ ಕಡೆ ಬಹಳ ಜನಕ್ಕೆ ಗೊತ್ತು. ಹಿತ್ತಲಲ್ಲಿ ಏಳುವ ಬಚ್ಚಲು ಮನೆಗೂ ಅದೇ ಪ್ರಕರಣ ಅನ್ವಯಿಸುತ್ತೆ ಅಂತ ಗೊತ್ತಿರುವವರನ್ನು ಬೆರಳಲ್ಲಿ ಎಣಿಸಬಹುದು. ನಮಗೂ ಗೊತ್ತಿದ್ದದ್ದು ಪರೀಕ್ಷೆಗೆ ಓದಿದ್ದರಿಂದ.

ಪಂಚಾಯಿತಿ ಕಚೇರಿಗೆ ಹೋದೆವು. ಹೆಸರು ಬೇಡ. ಪಿಡಿಒ ಸಾಹೇಬರು ಮರ್ಯಾದಸ್ಥರು, ಕೂರಿಸಿ ಮಾತಾಡಿದರು, ಟೀ ತರಿಸಿದರು. ಬಿಳಿ ಹಾಳೆಯ ಮೇಲೆ ಪಟ್ಟಿ ಬರೆದುಕೊಟ್ಟರು: ಇ-ಸ್ವತ್ತು ನಮೂನೆ 9, ನಮೂನೆ 11ಎ, ಈ ಸಾಲಿನ ಕಂದಾಯ ಕಟ್ಟಿದ ರಸೀದಿ, ಇಂಜಿನಿಯರ್ ಸಹಿ ಇರುವ ನಕ್ಷೆ, ಜಾಗದ ಫೋಟೊ, ಆಧಾರ್. ಬರೀ ಒಂದು ರೂಮು ಸಾರ್ ಅಂದೆವು. “ಒಂದು ರೂಮಾದ್ರೂ ಅಷ್ಟೇ, ಮೂರು ಫ್ಲೋರಾದ್ರೂ ಅಷ್ಟೇ. ಪಟ್ಟಿ ಒಂದೇ” ಅಂದರು. ಅವರು ಹೇಳಿದ್ದು ಬೇಸರದಲ್ಲಿ, ನಮಗೆ ಅದು ಆಗ ಸಣ್ಣ ಮಾತಾಗಿ ಕೇಳಿಸಿತು.

ಇ-ಸ್ವತ್ತು 2013ರಿಂದ ಇದೆ. ಅದಕ್ಕೆ ಮುಂಚೆ ಕೈಬರಹದ ಖಾತೆಗಳನ್ನು ತಿದ್ದಿ ಸೈಟು ಮಾರಿದ ಕತೆಗಳು ಬೆಂಗಳೂರಿನ ಸುತ್ತ ಎಷ್ಟು ಇದ್ದವೆಂದರೆ ಇಂಥದ್ದೊಂದು ವ್ಯವಸ್ಥೆ ಬರಲೇಬೇಕಿತ್ತು. ಅದರ ಬಗ್ಗೆ ನಮ್ಮ ತಕರಾರಿಲ್ಲ. ಗ್ರಾಮಠಾಣದೊಳಗಿನ ಅಥವಾ ಭೂಪರಿವರ್ತನೆಯಾಗಿ ಬಡಾವಣೆ ನಕ್ಷೆ ಮಂಜೂರಾದ ಆಸ್ತಿಗೆ ನಮೂನೆ 9 ಮತ್ತು 11ಎ, ಉಳಿದದ್ದಕ್ಕೆ 11ಬಿ. ನಮ್ಮ ಗೆಳೆಯನ ಮನೆ ಗ್ರಾಮಠಾಣದ ಒಳಗೇ ಇದೆ, ಊರ ನಡುಮಧ್ಯೆ, ಮಾರಮ್ಮನ ಗುಡಿಯ ಹಿಂದೆ. ಆದರೆ ಅದು ಕಂಪ್ಯೂಟರಿಗೆ ಹತ್ತೇ ಇರಲಿಲ್ಲ. ಹಳೇ ಡಿಮ್ಯಾಂಡ್ ರಿಜಿಸ್ಟರಿನಲ್ಲಿ ತಾತನ ಹೆಸರಿತ್ತು. ತಾತ ತೀರಿಕೊಂಡು ಮೂವತ್ತು ವರ್ಷ ದಾಟಿದೆ. ಅಪ್ಪ ಪ್ರತಿ ವರ್ಷ ಕಂದಾಯ ಕಟ್ಟಿದ್ದಾರೆ, ರಸೀದಿಯಲ್ಲಿ ತಾತನ ಹೆಸರೇ ಬರುತ್ತಿತ್ತು, ಯಾರೂ ಅದನ್ನು ಕೇಳಿರಲಿಲ್ಲ.

ಹಾಗಾದರೆ ಮೊದಲು ಖಾತೆ ಅಪ್ಪನ ಹೆಸರಿಗೆ ಆಗಬೇಕು. ಅದಕ್ಕೆ ನಾಡಕಚೇರಿಯಿಂದ ವಂಶವೃಕ್ಷ. ಜೊತೆಗೆ ತಾತನ ಮರಣ ಪ್ರಮಾಣಪತ್ರ. ತಾತನ ಸಾವನ್ನು ಯಾರೂ ನೋಂದಾಯಿಸಿರಲಿಲ್ಲ. ಆ ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಸಾವೆಂದರೆ ತಮಟೆ, ಮಣ್ಣು, ತಿಥಿ. ರಿಜಿಸ್ಟರು ಯಾರಿಗೂ ನೆನಪಿಗೆ ಬರುತ್ತಿರಲಿಲ್ಲ. ಒಂದು ವರ್ಷ ದಾಟಿದ ಮರಣವನ್ನು ನೋಂದಾಯಿಸಬೇಕಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅಂದರೆ ಹಿತ್ತಲಲ್ಲಿ ಹತ್ತಡಿ ಹನ್ನೆರಡಡಿ ರೂಮು ಹಾಕಿಸಲು, ಮೂರು ದಶಕದ ಹಿಂದೆ ಒಬ್ಬ ಮನುಷ್ಯ ಸತ್ತಿದ್ದಾನೆ ಅಂತ ಮೊದಲು ಸಾಬೀತು ಮಾಡಬೇಕು.

ಇದನ್ನು ಅವ್ವನಿಗೆ ಹೇಳಿದಾಗ ಅವರು ಎಲೆ ಅಡಿಕೆ ಚೀಲ ಬಿಚ್ಚುತ್ತಾ ಅಂದದ್ದು ನಮಗಿನ್ನೂ ನೆನಪಿದೆ: “ನಿಮ್ ತಾತ ಸತ್ತವ್ರೋ ಇಲ್ವೋ ಅಂತ ನನ್ ಕೇಳ್ರೋ. ಮೂವತ್ತು ವರ್ಸದಿಂದ ಕುಂಕುಮ ಇಲ್ದೆ ಕುಂತಿದೀನಿ, ಇನ್ನೇನ್ ಸಾಕ್ಸಿ ಬೇಕಂತೆ ಅವರಿಗೆ?”

ವಂಶವೃಕ್ಷ ಬರೆಸುವಾಗ ಇನ್ನೊಂದು ಬಾಗಿಲು ತೆರೆಯಿತು. ತಾತನಿಗೆ ಅಪ್ಪ ಒಬ್ಬರೇ ಮಗನಲ್ಲ, ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ. ಒಬ್ಬ ಅತ್ತೆ ಮಾಲೂರಿನಲ್ಲಿ, ಇನ್ನೊಬ್ಬರು ಮುಳಬಾಗಿಲ ಕಡೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ, ಅದರ ಮೇಲೆ 2020ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಇವುಗಳನ್ನು ನಾವು ತರಗತಿಯಲ್ಲಿ ಚಪ್ಪಾಳೆ ತಟ್ಟಿ ಓದಿದ್ದೆವು. ಈಗ ಅದೇ ವಿಷಯ ನಮ್ಮ ಎದುರು ಕೂತಿತ್ತು. ಅತ್ತೆಯರ ಒಪ್ಪಿಗೆ ಇಲ್ಲದೆ ಖಾತೆ ಅಪ್ಪನೊಬ್ಬರ ಹೆಸರಿಗೆ ಆಗುವಂತಿಲ್ಲ, ಆಗಲೂಬಾರದು. ಮಾಲೂರಿನ ಅತ್ತೆ ಫೋನಿನಲ್ಲಿ, “ನೀನು ಕೇಳ್ದಲ್ಲ ಅಣ್ಣ, ಅಷ್ಟೇ ಸಾಕು. ಎಲ್ಲಿ ಸೈನ್ ಹಾಕ್ಬೇಕು ಹೇಳು” ಅಂದರು. ಮುಳಬಾಗಿಲಿನ ಅತ್ತೆಗೂ ಮನಸ್ಸಿತ್ತು, ಆದರೆ ಅವರ ಮಕ್ಕಳು, “ಸ್ವಲ್ಪ ದಿನ ತಡೀರಿ ಮಾವ, ಯೋಚ್ನೆ ಮಾಡಿ ಹೇಳ್ತೀವಿ” ಅಂದರು. ಅವರ ಮಾತು ತಪ್ಪೂ ಅಲ್ಲ. ಮೂವತ್ತು ವರ್ಷ ಯಾರೂ ಕೇಳದ ಪಾಲನ್ನು ಮದುವೆ ತರಾತುರಿಯಲ್ಲಿ ಬಿಟ್ಟುಕೊಡಿ ಅನ್ನುವುದು ನ್ಯಾಯವೇ? ನಮ್ಮ ನಾಲ್ವರಲ್ಲಿ ಇಬ್ಬರು ಹೆಣ್ಣುಮಕ್ಕಳು. ಅವರಿಬ್ಬರೂ ಅತ್ತೆಯ ಮಕ್ಕಳ ಕಡೆಗೇ ನಿಂತರು. ಆ ರಾತ್ರಿ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಾಕಷ್ಟು ಜಗಳವಾಯಿತು.

ಜಗಳ ತಣ್ಣಗಾದ ಮೇಲೆ ನಮಗೆ ಹೊಳೆದದ್ದೇ ಈ ಬರಹದ ವಾದ. ಪಾಲಿನ ಪ್ರಶ್ನೆ ನಿಜವಾದ ಪ್ರಶ್ನೆ. ಅದು ತೀರ್ಮಾನ ಆಗಬೇಕು, ನಿಧಾನವಾಗಿ, ಎಲ್ಲರೂ ಕೂತು. ರೂಮಿನ ಪ್ರಶ್ನೆಯೂ ನಿಜ. ಅದು ವೈಶಾಖದೊಳಗೆ ತೀರಬೇಕು. ಇವೆರಡನ್ನೂ ಒಂದೇ ಕಡತದಲ್ಲಿ ಕಟ್ಟಿಹಾಕಿದವರು ಯಾರು? ಕಟ್ಟಡ ಪರವಾನಗಿ ಕೊಟ್ಟ ಮಾತ್ರಕ್ಕೆ ಒಡೆತನ ಸಿಗುವುದಿಲ್ಲ, ಕಂದಾಯ ರಸೀದಿಯಿಂದ ಸಿಗದ ಹಾಗೆಯೇ. ಆದರೂ ನಾವು ಓಡಾಡಿದ ಆ ಎರಡು ತಿಂಗಳಲ್ಲಿ ಎಲ್ಲರೂ ಕೇಳಿದ್ದು ಒಡೆತನವನ್ನೇ. ಕಟ್ಟಡದ ಬಗ್ಗೆ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಪಾಯ ಎಷ್ಟು ಆಳ? ಬಾತ್‌ರೂಮಿನ ನೀರು ಎಲ್ಲಿಗೆ ಹೋಗುತ್ತೆ? ಇಂಗುಗುಂಡಿ ಪಕ್ಕದವರ ಬೋರ್‌ವೆಲ್‌ಗೆ ಎಷ್ಟು ದೂರ? ಹಿತ್ತಲ ಮೇಲೆ ಕರೆಂಟ್ ತಂತಿ ಹಾದಿದೆಯೇ? ಇವ್ಯಾವುವೂ ಆ ಬಿಳಿ ಹಾಳೆಯ ಪಟ್ಟಿಯಲ್ಲಿ ಇರಲಿಲ್ಲ. ನಕ್ಷೆಗೆ ಸಹಿ ಹಾಕಿದ ಇಂಜಿನಿಯರ್ ಕೂಡ ಜಾಗಕ್ಕೆ ಬರಲಿಲ್ಲ. ಮೊಬೈಲಿನಲ್ಲಿ ಕಳಿಸಿದ ಅಳತೆ ನೋಡಿ ಬರೆದುಕೊಟ್ಟರು, ಆರು ಸಾವಿರ ತೆಗೆದುಕೊಂಡರು. ಅವರು ಬರೆದ ನಕ್ಷೆಯಲ್ಲಿ ನಾಲ್ಕೂ ಕಡೆ ಜಾಗ ಬಿಟ್ಟಿತ್ತು. ನಿಜದಲ್ಲಿ ನಮ್ಮ ಗೆಳೆಯನ ಮನೆಗೂ ಪಕ್ಕದ ಮನೆಗೂ ಒಂದೇ ಗೋಡೆ. “ಕಾಗದದ ಮೇಲೆ ಹಂಗೇ ಇರ್ಬೇಕು, ಇಲ್ದಿದ್ರೆ ಪಾಸಾಗಲ್ಲ” ಅಂದರು.

ಬೈಲಾ ಬರೆದವರ ಕಣ್ಣ ಮುಂದೆ ಇದ್ದದ್ದು ಮೂವತ್ತು ನಲವತ್ತರ ಸೈಟು, ನೇರ ರಸ್ತೆ, ಸುತ್ತ ಖಾಲಿ ಜಾಗ. ನಮ್ಮ ಗ್ರಾಮಠಾಣಗಳು ಹಾಗಿಲ್ಲ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಎತ್ತಿನ ಗಾಡಿ ಹೋಗುವಷ್ಟು ಓಣಿ. ಕಲ್ಲು ಚಪ್ಪಡಿ ಮನೆಗಳಲ್ಲಿ ಕೋಣೆಯ ಅಗಲವನ್ನು ಚಪ್ಪಡಿಯ ಉದ್ದವೇ ನಿರ್ಧರಿಸಿರುತ್ತೆ, ಅದಕ್ಕೇ ಎಲ್ಲ ಕೋಣೆಗಳೂ ಕಿರಿದು. ಜನ ಹೆಚ್ಚಿದಾಗ ಹಿತ್ತಲಿಗೆ ಅಥವಾ ಮೇಲಕ್ಕೆ ಬೆಳೆಯುವುದೊಂದೇ ದಾರಿ. ಸರ್ಕಾರವೇ ಕೊಡುವ ಮನೆಯಾದರೂ ಅಷ್ಟೇ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಯ ಕನಿಷ್ಠ ಅಳತೆ ಅಡುಗೆ ಜಾಗ ಸೇರಿ 25 ಚದರ ಮೀಟರ್, ಸುಮಾರು 270 ಚದರ ಅಡಿ. ಅಂಥ ಮನೆಯಲ್ಲಿ ಗಂಡ ಹೆಂಡತಿ ಇಬ್ಬರು ಮಕ್ಕಳು ಹೇಗೋ ಇರುತ್ತಾರೆ, ಮಕ್ಕಳು ದೊಡ್ಡವರಾದಾಗ ಇನ್ನೊಂದು ಕೋಣೆ ಬೇಕೇ ಬೇಕು. ಪಾಯದಿಂದ ಚಾವಣಿವರೆಗೆ ಹಂತ ಹಂತಕ್ಕೂ ಜಿಪಿಎಸ್ ಫೋಟೊ ತೆಗೆದು ಅಪ್‌ಲೋಡ್ ಮಾಡುವ ಅದೇ ವ್ಯವಸ್ಥೆಗೆ ಹತ್ತು ವರ್ಷದ ನಂತರ ಏಳುವ ಎರಡನೇ ಕೋಣೆ ಕಾಣುವುದೇ ಇಲ್ಲ. ನಗರಗಳಿಗೆ 2015ರಲ್ಲಿ ಬಂದ ಆವಾಸ್ ಯೋಜನೆಯಲ್ಲಿ ಇರುವ ಮನೆಗೆ ಕೋಣೆ ಸೇರಿಸಲೂ ಸಹಾಯಧನ ಇತ್ತು ಅನ್ನುವುದು ಇಲ್ಲಿ ಗಮನಿಸಬೇಕಾದ್ದು.

ಪ್ರಶ್ನೆ ಕೇಳದಿದ್ದರೆ ಏನಾಗುತ್ತೆ ಅಂತ ನೋಡಲು ನರಸಾಪುರದ ಸುತ್ತಮುತ್ತ ಒಂದು ಸಂಜೆ ತಿರುಗಾಡಿದರೆ ಸಾಕು. ನಮ್ಮಲ್ಲಿ ಕೋಲಾರ ತಾಲ್ಲೂಕಿನವಳ ಊರು ಅಲ್ಲೇ ಹತ್ತಿರ. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು, ಆಮೇಲೆ ಐಫೋನ್ ಜೋಡಿಸುವ ವಿಸ್ಟ್ರಾನ್ ಬಂತು, 2023ರಲ್ಲಿ ಅದು ಟಾಟಾ ಕೈಗೆ ಹೋಯಿತು. ಕೆಲಸಕ್ಕೆ ಬಂದ ಹುಡುಗ ಹುಡುಗಿಯರಿಗೆ ರೂಮು ಬೇಕು. ಕೊಟ್ಟಿಗೆ ಇದ್ದ ಕಡೆ ಸಾಲು ರೂಮುಗಳು ಎದ್ದವು. ರೇಷ್ಮೆ ಹುಳು ಸಾಕುತ್ತಿದ್ದ ಮನೆಗಳಿಗೆ ನಡುವೆ ಸಿಮೆಂಟ್ ಇಟ್ಟಿಗೆ ಗೋಡೆ ಎಬ್ಬಿಸಿ, ಮೇಲೆ ಶೀಟು ಹೊದಿಸಿ, ನಾಲ್ಕು ಬಾಗಿಲು ಇಟ್ಟರು. ರೈತರಿಗೆ ತಿಂಗಳ ಬಾಡಿಗೆ ಬರುತ್ತಿದೆ, ಟೊಮೆಟೊ ರೇಟು ಬಿದ್ದ ವರ್ಷವೂ ಬರುತ್ತೆ. ಅದನ್ನು ನಾವು ಬೇಡವೆನ್ನುವುದಿಲ್ಲ. ಆದರೆ ಎಂಟು ರೂಮಿಗೆ ಒಂದು ಇಂಗುಗುಂಡಿ, ಅದು ತುಂಬಿದರೆ ರಸ್ತೆಗೆ. ಮೆಟ್ಟಿಲು ಚರಂಡಿಯ ಮೇಲೆ. ಸಜ್ಜೆ ಓಣಿಯ ಮೇಲೆ ಎಷ್ಟು ಚಾಚಿದೆಯೆಂದರೆ ಆಂಬುಲೆನ್ಸ್ ಬಂದರೆ ಊರ ಬಾಗಿಲಲ್ಲೇ ನಿಲ್ಲಬೇಕು. ಅಲ್ಲಿಯ ಒಬ್ಬ ಪಂಚಾಯಿತಿ ಸದಸ್ಯರನ್ನು ಕೇಳಿದೆವು. “ಲೈಸೆನ್ಸ್ ತಗೊಂಡಿದ್ರೆ ನಾವು ಕೇಳಬಹುದಿತ್ತು. ತಗೊಂಡೇ ಇಲ್ಲ, ಏನಂತ ಕೇಳೋದು?” ಅಂದರು. ಹಾಸ್ಯವಲ್ಲ, ನಿಜವಾಗಿ ಹಾಗೆಯೇ ಅಂದರು.

ನಮ್ಮಲ್ಲಿ ಮುಳಬಾಗಿಲಿನವನ ದೊಡ್ಡಪ್ಪನ ಮನೆಯದು ಇದಕ್ಕಿಂತ ಭಯದ ಕತೆ. ಮಣ್ಣಿನ ಗಾರೆಯ ಗೋಡೆ, ಮೇಲೆ ಚಪ್ಪಡಿ, ಆ ಚಪ್ಪಡಿಯ ಮೇಲೆ ಒಂದು ರೂಮು ಎಬ್ಬಿಸಲು ಹೊರಟಿದ್ದರು. ಮೇಸ್ತ್ರಿಯನ್ನು ಕೇಳಿದರೆ “ಏನೂ ಆಗಲ್ಲ ಬಿಡಣ್ಣ, ಹಳೇ ಕಲ್ಲು, ಗಟ್ಟಿ” ಅಂದ. ಕಲ್ಲು ಗಟ್ಟಿ ನಿಜ, ಕಲ್ಲನ್ನು ಹೊತ್ತ ಗೋಡೆ? ಅದರ ಮೇಲೆ 11 ಕೆವಿ ಲೈನು. ಅಂಥ ತಂತಿಗೂ ಕಟ್ಟಡಕ್ಕೂ ನೇರ ಮೇಲೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಇರಲೇಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಹೇಳುತ್ತೆ. ಅಂದರೆ ಮೇಲೆ ಹನ್ನೆರಡಡಿ, ಪಕ್ಕಕ್ಕೆ ನಾಲ್ಕಡಿ. ದೊಡ್ಡಪ್ಪನ ಹೊಸ ಪ್ಯಾರಪೆಟ್‌ನಿಂದ ಕೈ ಚಾಚಿದರೆ ತಂತಿ ಸಿಗುವಂತಿರುತ್ತಿತ್ತು. ಒಗೆದ ಸೀರೆಯನ್ನು ಜಾಡಿಸಿ ಒಣಗಿಹಾಕುವಾಗ ಏನಾಗುತ್ತೆ? ಈ ಅಳತೆಯನ್ನು ಅವರಿಗೆ ತಿಳಿಸಿದ್ದು ಪಂಚಾಯಿತಿಯಲ್ಲ, ಬೆಸ್ಕಾಂ ಲೈನ್‌ಮ್ಯಾನ್ ಆಗಿರುವ ಒಬ್ಬ ನೆಂಟ. ಕೆಲಸ ನಿಂತಿತು. ಇಂಥ ನೆಂಟ ಎಲ್ಲರ ಮನೆಯಲ್ಲೂ ಇರುವುದಿಲ್ಲ.

ಮಾಲೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಂಚು, ಇಟ್ಟಿಗೆಗೆ ಹೆಸರಾದ ಊರಿನಲ್ಲಿ ಇಟ್ಟಿಗೆ ಸುಲಭವಾಗಿ ಸಿಗುತ್ತೆ, ಸಾಲ ಸಿಗುವುದಿಲ್ಲ. ರೆವಿನ್ಯೂ ಸೈಟು ಕೊಂಡು ಮನೆ ಕಟ್ಟಿಕೊಂಡವರ ಕೈಲಿರುವುದು 11ಬಿ. ಮಂಜೂರಾದ ನಕ್ಷೆ ಇಲ್ಲದೆ ಬ್ಯಾಂಕಿನಲ್ಲಿ ಗೃಹಸಾಲ ಹುಟ್ಟುವುದು ಕಷ್ಟ. ಆಗ ರೂಮು ಏಳುವುದು ಸಂಘದ ಸಾಲದಲ್ಲಿ, ಮೈಕ್ರೋಫೈನಾನ್ಸಿನಲ್ಲಿ, ಒಡವೆ ಅಡವಿಟ್ಟು. ಪರವಾನಗಿ ಸಿಗದ್ದಕ್ಕೆ ಬಡವರು ಕಟ್ಟುವ ದಂಡ ಆ ಬಡ್ಡಿಯೇ. ಪೇಟೆ ಬೆಳೆದು ಯೋಜನಾ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದ ಹಳ್ಳಿಗಳವರಂತೂ ಪಂಚಾಯಿತಿಗೂ ಪ್ರಾಧಿಕಾರಕ್ಕೂ ನಡುವೆ ಓಡಾಡುತ್ತಾರೆ.

ಸರ್ಕಾರಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಾದಾಗಲೆಲ್ಲ ಅವು ಮಾಡುವುದು ಒಂದೇ: ಕಟ್ಟಲು ಬಿಟ್ಟು, ವರ್ಷಗಳ ನಂತರ ದಂಡ ಹಾಕಿ ಸಕ್ರಮ ಮಾಡುತ್ತೇವೆ ಅನ್ನುವುದು. ನಗರಗಳ ಅಕ್ರಮ ಸಕ್ರಮಕ್ಕೆ 2014ರಲ್ಲಿ ನಿಯಮ ಬಂತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಹಳ್ಳಿ ಮನೆಗಳಿಗೆ 94ಸಿ ಇದೆ, ಅದರ ಅರ್ಜಿ ಹಿಡಿದು ತಾಲ್ಲೂಕು ಕಚೇರಿ ಸುತ್ತಿದವರು ನಮ್ಮ ಓದುಗರಲ್ಲೇ ಎಷ್ಟೋ ಜನ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂಬ ಪ್ರಮಾಣಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರಿನ ಸಂಪರ್ಕ ಕೊಡಿ ಎಂದು ಹೇಳಿತು. ಕರ್ನಾಟಕದಲ್ಲಿ ಹೊಸ ಮೀಟರುಗಳು ನಿಂತವು. ಜನ ಕೂಗಾಡಿದ ಮೇಲೆ 2025ರ ಅಕ್ಟೋಬರಿನಲ್ಲಿ 1,200 ಚದರ ಅಡಿವರೆಗಿನ ನಿವೇಶನದ ಮನೆಗಳಿಗೆ ಸ್ವಾಧೀನ ಪ್ರಮಾಣಪತ್ರದಿಂದ ವಿನಾಯಿತಿ ಕೊಡುವ ತೀರ್ಮಾನವನ್ನು ರಾಜ್ಯ ಸರ್ಕಾರ ಮಾಡಿತು. ಮೂರು ಮಹಡಿಯ ಹೊಸ ಮನೆಗೆ ವಿನಾಯಿತಿ ಕೊಡಬಹುದಾದರೆ ಅಜ್ಜಿಗೆ ಬಾತ್‌ರೂಮು ಕಟ್ಟಿಸುವವರಿಗೆ ಒಂದು ಸರಳ ದಾರಿ ಮಾಡಿಕೊಡಲು ಯಾವ ಅಡ್ಡಿ?

ಬೇರೆ ಕಡೆ ಮಾಡಿದ್ದಾರೆ. ತೆಲಂಗಾಣದ ಪಟ್ಟಣಗಳಿಗೆ 2020ರಲ್ಲಿ ಟಿಎಸ್-ಬಿಪಾಸ್ ಬಂತು. 75 ಚದರ ಗಜದವರೆಗಿನ, ಅಂದರೆ 675 ಚದರ ಅಡಿಯ, ನಿವೇಶನದಲ್ಲಿ ಒಂದು ಮಹಡಿಯ ಮನೆಗೆ ಅನುಮತಿಯೇ ಬೇಕಿಲ್ಲ. ಆನ್‌ಲೈನಿನಲ್ಲಿ ನೋಂದಾಯಿಸಿ ಒಂದು ರೂಪಾಯಿ ಕಟ್ಟಿದರೆ ಮುಗಿಯಿತು. ಅಲ್ಲಿ ಎಲ್ಲ ಸರಿಯಾಗಿದೆ ಅಂತ ನಾವು ಹೇಳುತ್ತಿಲ್ಲ. ನೋಂದಣಿ ಮಾತ್ರ ಇದ್ದು ಬಂದು ನೋಡುವವರಿಲ್ಲದಿದ್ದರೆ ದೊಡ್ಡಪ್ಪನ ತಂತಿ ಹಾಗೆಯೇ ಉಳಿಯುತ್ತೆ. ನಮಗೆ ಬೇಕಿರುವುದು ಕಾಗದ ಕಡಿಮೆ ಕೇಳಿ ಕಟ್ಟಡವನ್ನು ಹೆಚ್ಚು ನೋಡುವ ಪಂಚಾಯಿತಿ.

ಹೀಗೆ ಮಾಡಬಹುದು ಅನ್ನಿಸುತ್ತೆ. ಇರುವ ಮನೆಗೆ ಸೇರಿಸುವ, ನೆಲಮಟ್ಟದ, 200 ಚದರ ಅಡಿ ಮೀರದ ಕೆಲಸಕ್ಕೆ ಒಂದು ಪುಟದ ಅರ್ಜಿ. ಕೈಯಲ್ಲಿ ಬರೆದ ಚಿತ್ರ ಸಾಕು, ಅಳತೆ ನಿಜ ಇರಲಿ. ನಮೂನೆ 9ರ ಬದಲು ಹಿಂದಿನ ಕೆಲವು ವರ್ಷಗಳ ಕಂದಾಯ ರಸೀದಿ, ಮತ್ತು ಅನುಮತಿ ಪತ್ರದ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು: ಇದು ಒಡೆತನದ ದಾಖಲೆ ಅಲ್ಲ, ಯಾರ ಪಾಲನ್ನೂ ಇದು ಬದಲಿಸುವುದಿಲ್ಲ. ಮುಳಬಾಗಿಲಿನ ಅತ್ತೆಗೆ ಅದಕ್ಕಿಂತ ಒಳ್ಳೆಯ ರಕ್ಷಣೆ ಈಗಿನ ಪದ್ಧತಿಯಲ್ಲೂ ಇಲ್ಲ. ಪಕ್ಕದ ಮನೆಯವರಿಗೆ ಒಂದು ನೋಟಿಸು. ನಂತರ ಒಬ್ಬರು ಜಾಗಕ್ಕೆ ಬಂದು ಚರಂಡಿ, ದಾರಿ, ತಂತಿ, ಗುಂಡಿ, ಪಾಯ, ಈ ಐದನ್ನು ನೋಡಬೇಕು. ಯಾರು ಬರಬೇಕು? ಉದ್ಯೋಗ ಖಾತ್ರಿ ಕೆಲಸಗಳ ಅಳತೆಗೆ ತಾಂತ್ರಿಕ ಸಹಾಯಕರು ಹಳ್ಳಿಗಳಿಗೆ ಬರುತ್ತಲೇ ಇದ್ದಾರೆ. ಕೃಷಿ ಹೊಂಡ ಅಳೆಯುವವರಿಗೆ ಹತ್ತಡಿ ಪಾಯ ಅಳೆಯುವುದು ಕಷ್ಟವಲ್ಲ. ಅದಕ್ಕೊಂದು ಶುಲ್ಕ ಇಡಲಿ, ಇಂಜಿನಿಯರಿಗೆ ಕೊಟ್ಟ ಆರು ಸಾವಿರದಲ್ಲಿ ಕಾಲು ಭಾಗವಾದರೂ ಪಂಚಾಯಿತಿಗೆ ಸಂತೋಷವಾಗಿ ಕಟ್ಟುತ್ತಿದ್ದೆವು. ಬಾಡಿಗೆ ರೂಮುಗಳಿಗೆ, ಮೇಲೆ ಮಹಡಿ ಎಬ್ಬಿಸುವುದಕ್ಕೆ ಈ ದಾರಿ ಬೇಡ. ಅವಕ್ಕೆ ಇಂಜಿನಿಯರ್ ನಿಜವಾಗಿ ಬಂದು ನೋಡಲೇಬೇಕು.

ಇದನ್ನೆಲ್ಲ ಆ ಪಿಡಿಒ ಸಾಹೇಬರ ಮುಂದೆ ಇಟ್ಟೆವು. ಅವರು ನಕ್ಕರು. ಅವರ ಮಾತನ್ನೂ ಬರೆಯದಿದ್ದರೆ ಅನ್ಯಾಯವಾಗುತ್ತೆ. ಅವರಿಗೆ ಎರಡು ಪಂಚಾಯಿತಿಗಳ ಜವಾಬ್ದಾರಿ. “ನನ್ನ ಡಿಜಿಟಲ್ ಸಹಿ ಬಿದ್ದ ಮೇಲೆ ನಾಳೆ ಯಾರೋ ತಮ್ಮ ಬಂದು ಕೇಸ್ ಹಾಕ್ತಾನೆ, ಆಗ ಕೋರ್ಟಿಗೆ ಹೋಗೋದು ನಾನು, ಅಧ್ಯಕ್ಷರಲ್ಲ. ಕಾಗದ ಪೂರ್ತಿ ಇದ್ರೆ ನನಗೆ ನಿದ್ದೆ ಬರುತ್ತೆ. ಗೋಡೆ ಬಿದ್ರೆ ನನ್ನನ್ನ ಯಾರೂ ಕೇಳಲ್ಲ, ಖಾತೆ ತಪ್ಪಾದ್ರೆ ಸಸ್ಪೆಂಡ್” ಅಂದರು. ನಾವು ಮೂರು ತಿಂಗಳಲ್ಲಿ ಕೇಳಿದ ಅತಿ ಪ್ರಾಮಾಣಿಕ ಮಾತು ಅದು. ಹಾಗಾಗಿ ಒಬ್ಬ ಪಿಡಿಒ ಮನಸ್ಸು ಮಾಡಿದರೆ ಆಗುವ ಕೆಲಸ ಇದಲ್ಲ. ಬೆಂಗಳೂರಿನಿಂದಲೇ ನಿಯಮ ಬರಬೇಕು. ಸಣ್ಣ ವಿಸ್ತರಣೆಯ ಅನುಮತಿಗೆ ಒಡೆತನದ ಹೊಣೆ ಅಂಟುವುದಿಲ್ಲ ಅಂತ ಆ ನಿಯಮದಲ್ಲೇ ಬರೆದಿರಬೇಕು.

ಒಂದು ಆಕ್ಷೇಪ ಬರುತ್ತೆ, ಬಂದಿದೆ ಕೂಡ. ಈ ವರ್ಷ 200, ಮುಂದಿನ ವರ್ಷ 200 ಅಂತ ಸೇರಿಸುತ್ತಾ ಹೋಗಿ ಅರಮನೆ ಕಟ್ಟಿದರೆ? ಐದು ವರ್ಷಕ್ಕೊಮ್ಮೆ ಮಾತ್ರ ಅಂತ ಮಾಡಿ. ಅಷ್ಟಕ್ಕೂ ಈಗ ಅರಮನೆ ಕಟ್ಟುವವರು ಯಾರೂ ಪಂಚಾಯಿತಿಯನ್ನು ಕೇಳಿ ಕಟ್ಟುತ್ತಿಲ್ಲ.

ಈಗ ನಮ್ಮ ರೂಮಿನ ಕತೆ ಏನಾಯಿತು ಅಂತ ಹೇಳಲೇಬೇಕು, ಮುಚ್ಚಿಟ್ಟರೆ ಇಷ್ಟು ಬರೆದದ್ದು ಸುಳ್ಳಾಗುತ್ತೆ. ಚೈತ್ರದವರೆಗೆ ಕಾದೆವು. ಮರಣ ನೋಂದಣಿಯ ಅರ್ಜಿ ಹೋದಲ್ಲೇ ಇತ್ತು. ಯುಗಾದಿ ಕಳೆದ ಮೊದಲ ಶುಕ್ರವಾರ ಅಪ್ಪ ನಮ್ಮನ್ನು ಕೇಳದೆ ಮೇಸ್ತ್ರಿಗೆ ಫೋನ್ ಮಾಡಿದರು. ಭಾನುವಾರ ಕಚೇರಿ ಇರುವುದಿಲ್ಲ ಅನ್ನುವ ಲೆಕ್ಕ ಊರಿಗೆಲ್ಲ ಗೊತ್ತು. ಸೋಮವಾರದ ಹೊತ್ತಿಗೆ ಪಾಯ ಮೇಲೆ ಬಂದಿತ್ತು. ನಾವು ನಾಲ್ವರೂ ಹೋಗಿ ನಿಂತು ಪಾಯದ ಆಳ ಅಳೆದೆವು, ಇಂಗುಗುಂಡಿಯನ್ನು ಪಕ್ಕದವರ ಬೋರ್‌ವೆಲ್‌ನಿಂದ ಆದಷ್ಟು ದೂರಕ್ಕೆ ಹಾಕಿಸಿದೆವು, ಕಿಟಕಿ ಪಕ್ಕದ ಮನೆಯ ಕಡೆಗೆ ಬೇಡ ಅಂತ ಮೇಸ್ತ್ರಿಗೆ ಹೇಳಿದೆವು. ಅಂದರೆ ಪಂಚಾಯಿತಿ ಮಾಡಬೇಕಾದ್ದನ್ನು ಪತ್ರಿಕೋದ್ಯಮದ ಪದವೀಧರರು ಮಾಡಿದರು, ತಿಳಿದಷ್ಟು. ಮೋಲ್ಡ್ ಹಾಕಿದ ದಿನ ಬಿಲ್ ಕಲೆಕ್ಟರ್ ಬಂದು ನೋಡಿ, ಪಾಯಸ ತಿಂದು, ಏನೂ ಹೇಳದೆ ಹೋದರು. ಒಟ್ಟು ಮೂರು ಲಕ್ಷಕ್ಕೆ ಸ್ವಲ್ಪ ಕಮ್ಮಿ ಖರ್ಚಾಯಿತು, ಅದರಲ್ಲಿ ಅರ್ಧ ಅಮ್ಮನ ಸಂಘದ ಸಾಲ. ಮದುವೆ ಚೆನ್ನಾಗಿ ಆಯಿತು. ಮುಳಬಾಗಿಲಿನ ಅತ್ತೆ, ಅವರ ಮಕ್ಕಳು ಎಲ್ಲರೂ ಬಂದಿದ್ದರು. ಪಾಲಿನ ಮಾತು ದೀಪಾವಳಿಗೆ ಕೂತು ಆಡೋಣ ಅಂತಾಯಿತು. ಆಡಿದೆವು, ಇನ್ನೂ ಮುಗಿದಿಲ್ಲ.

ಹೀಗಾಗಿ ಅನಧಿಕೃತ ಕಟ್ಟಡಗಳ ಬಗ್ಗೆ ಬರೆದ ನಮ್ಮ ಗೆಳೆಯನ ಮನೆಯಲ್ಲೇ ಒಂದು ಅನಧಿಕೃತ ರೂಮಿದೆ. ಪಂಚಾಯಿತಿಯ ಲೆಕ್ಕದಲ್ಲಿ ಆ ಮನೆ ಈಗಲೂ ಎರಡೇ ಅಂಕಣ, ಅದರ ಯಜಮಾನ ಈಗಲೂ ತಾತ.

ಮುಂದಿನ ಗ್ರಾಮ ಸಭೆಯಲ್ಲಿ ಸಣ್ಣ ವಿಸ್ತರಣೆಯ ಅನುಮತಿ ಬಗ್ಗೆ ನಿರ್ಣಯ ಮಾಡಿ ಸರ್ಕಾರಕ್ಕೆ ಕಳಿಸಿ ಅಂತ ನಾವು ನಾಲ್ಕು ತಾಲ್ಲೂಕುಗಳಲ್ಲೂ ಒಂದೊಂದು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಎರಡು ಕಡೆ ಸ್ವೀಕೃತಿ ಸಿಕ್ಕಿದೆ. ಇದನ್ನು ಓದುವ ಪಂಚಾಯಿತಿ ಸದಸ್ಯರು ಯಾರಾದರೂ ನಿಮ್ಮ ಊರಿನ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಿದರೆ ನಮಗೆ ದಿನಾಂಕ ತಿಳಿಸಿ. ಬಂದು ಕೂತು ವರದಿ ಮಾಡುತ್ತೇವೆ.